ಎಚ್‌ಸಿಕ್ಯೂ ಗುಳಿಗೆ ಮತ್ತು ಕಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಲೂಪಸ್, ರುಮಟಾಯ್ಡ್ ಸಂಧಿವಾತ, ಶೋಗ್ರೆನ್ ಕಾಯಿಲೆಯಂಥ ಆಟೊಇಮ್ಯೂನ್ ತೊಂದರೆ (ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಇರುವವರಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಹೆಸರು ಚೆನ್ನಾಗಿ ಗೊತ್ತು. ಚೀಟಿಯಲ್ಲಿ ಎಚ್‌ಸಿಕ್ಯೂ ಎಂದಷ್ಟೇ ಬರೆದಿರುತ್ತದೆ. ಪೆಟ್ಟಿಗೆಯೊಳಗಿನ ಕಾಗದವನ್ನು ಬಿಡಿಸಿ ಓದಿದವರಿಗೆ, ಇಲ್ಲವೇ ನಡುರಾತ್ರಿ ಮೊಬೈಲಿನಲ್ಲಿ ಹುಡುಕಿದವರಿಗೆ, ದೃಷ್ಟಿ ಹೋಗಬಹುದು ಎಂಬ ಮಾತೇ ಮೊದಲು ಎದುರಾಗುತ್ತದೆ. ಕೆಲವರು ಅದನ್ನು ಓದಿ ಮಾರನೆಯ ದಿನವೇ ಗುಳಿಗೆ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ತಮಗೆ ಚೆನ್ನಾಗಿ ಕಾಣುತ್ತಿದೆಯಲ್ಲ ಎಂದು ಹತ್ತು ವರ್ಷ ಒಂದೇ ಒಂದು ಪರೀಕ್ಷೆಯಿಲ್ಲದೆ ನುಂಗುತ್ತಾ ಹೋಗುತ್ತಾರೆ. ಎರಡೂ ದುಬಾರಿಯಾಗುವ ದಾರಿಗಳೇ. ಈ ಎರಡು ಬಗೆಯವರೂ ವೈದ್ಯರ ಮುಂದೆ ಕೂತಾಗ ಏನು ಕೇಳಬೇಕು ಎಂಬುದನ್ನು ತಿಳಿದಿರಲಿ ಎಂದು ಈ ಪುಟ.

ಈ ಗುಳಿಗೆಯಿಂದ ನಿಜವಾಗಿಯೂ ಕಣ್ಣು ಹೋಗುತ್ತದೆಯೇ?

ಹೋಗಬಹುದು, ಆದರೆ ಅಪರೂಪ. ಅದು ಎಷ್ಟು ಅಪರೂಪ ಎಂಬುದು ಡೋಸ್ ಮತ್ತು ವರ್ಷಗಳ ಮೇಲೆ ನಿಂತಿದೆ. ಅಮೆರಿಕದ ನೇತ್ರತಜ್ಞರ ಅಕಾಡೆಮಿ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸರಿಯಾದ ಡೋಸ್ ತೆಗೆದುಕೊಳ್ಳುವವರಲ್ಲಿ ಮೊದಲ ಐದು ವರ್ಷಗಳಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ಹಾನಿಯ ಸಾಧ್ಯತೆ ಶೇ 1ಕ್ಕಿಂತ ಕಡಿಮೆ. ಹತ್ತು ವರ್ಷಕ್ಕೆ ಶೇ 2ಕ್ಕಿಂತ ಕಡಿಮೆ. ಇಪ್ಪತ್ತು ವರ್ಷ ದಾಟಿದ ಮೇಲೆ ಅದು ಶೇ 20ರ ಹತ್ತಿರಕ್ಕೆ ಏರುತ್ತದೆ.

2023ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನ 3,325 ಜನರನ್ನು ಗಮನಿಸಿತು. ಅವರಲ್ಲಿ 81 ಮಂದಿಗೆ ರೆಟಿನಾ ಹಾನಿ ಕಾಣಿಸಿತು. ಆ 81ರಲ್ಲಿ 56 ಮಂದಿಯದು ಸೌಮ್ಯ ಹಂತದ್ದು, ತೀವ್ರ ಹಾನಿಯಾದವರು 8 ಮಂದಿ. ಈ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸುವುದು ಡೋಸಿನ ಲೆಕ್ಕ. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ 15 ವರ್ಷಕ್ಕೆ ಅಪಾಯ ಶೇ 2.7 ಇದ್ದರೆ, 6 ಮಿಲಿಗ್ರಾಂ ದಾಟಿದವರಲ್ಲಿ ಅದು ಶೇ 21.6. ಒಂದೇ ಔಷಧ, ಅಷ್ಟೇ ವರ್ಷಗಳು. ತೂಕಕ್ಕೆ ತಕ್ಕ ಡೋಸ್ ಇದ್ದವರಿಗೂ ಇಲ್ಲದವರಿಗೂ ಎಂಟು ಪಟ್ಟು ವ್ಯತ್ಯಾಸ.

ಕಣ್ಣಿಗೆ ಇಷ್ಟು ಭಯವಿರುವಾಗ ವೈದ್ಯರು ಇದನ್ನೇ ಏಕೆ ಕೊಡುತ್ತಾರೆ?

ಏಕೆಂದರೆ ಇದನ್ನು ತೆಗೆದುಕೊಳ್ಳದಿದ್ದರೆ ಆಗುವ ನಷ್ಟ ಬಹುತೇಕರಿಗೆ ಇನ್ನೂ ದೊಡ್ಡದು. ಲೂಪಸ್‌ನಲ್ಲಿ ಕಾಯಿಲೆ ಮತ್ತೆ ಮತ್ತೆ ಕೆರಳುವುದನ್ನು ಈ ಗುಳಿಗೆ ತಗ್ಗಿಸುತ್ತದೆ, ಸ್ಟೀರಾಯ್ಡ್‌ನ ಅವಲಂಬನೆ ಇಳಿಸುತ್ತದೆ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಉಳಿದ ಔಷಧಗಳಂತೆ ಸೋಂಕಿಗೆ ಬಾಗಿಲು ತೆರೆದಿಡುವ ಸ್ವಭಾವವೂ ಇದಕ್ಕಿಲ್ಲ. 1991ರಲ್ಲಿ ಕೆನಡಾದ ವೈದ್ಯರು ಒಂದು ಪ್ರಯೋಗ ಪ್ರಕಟಿಸಿದರು: ಕಾಯಿಲೆ ಹತೋಟಿಯಲ್ಲಿದ್ದ ಲೂಪಸ್ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಈ ಗುಳಿಗೆ ಮುಂದುವರಿಸಿ, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟರು. ಔಷಧ ತಪ್ಪಿದವರಲ್ಲಿ ಕಾಯಿಲೆ ಕೆರಳುವ ಅಪಾಯ ಎರಡೂವರೆ ಪಟ್ಟು ಹೆಚ್ಚಾಗಿತ್ತು. ಲೂಪಸ್ ಕೆರಳಿದರೆ ಮೈಮೇಲೆ ನಾಲ್ಕು ಗಂದೆ ಎದ್ದು ಮುಗಿಯುವುದಿಲ್ಲ. ಕಿಡ್ನಿ, ಮೆದುಳು, ರಕ್ತ ಯಾವುದನ್ನೂ ಅದು ಬಿಡುವುದಿಲ್ಲ. ಕೆಲವೊಮ್ಮೆ ರೆಟಿನಾದ ರಕ್ತನಾಳಗಳಿಗೇ ಉರಿಯೂತ ತಗುಲುತ್ತದೆ. ಕಣ್ಣು ಉಳಿಸಿಕೊಳ್ಳಲೆಂದು ಗುಳಿಗೆ ಬಿಟ್ಟವರು ಕಾಯಿಲೆಯ ಕೈಗೆ ಕಣ್ಣು ಕೊಟ್ಟಂತಾಗಲೂಬಹುದು.

ಇದು ಮಲೇರಿಯಾದ ಔಷಧವಲ್ಲವೇ? ಕೀಲುನೋವಿಗೆ ಹೇಗೆ ಬಂತು?

1934ರಲ್ಲಿ ಜರ್ಮನಿಯ ಬೇಯರ್ ಪ್ರಯೋಗಾಲಯದಲ್ಲಿ ಹನ್ಸ್ ಆಂಡರ್ಸಾಗ್ ಕ್ಲೋರೊಕ್ವಿನ್ ತಯಾರಿಸಿದಾಗ ಗುರಿ ಇದ್ದದ್ದು ಮಲೇರಿಯಾವೇ. ಎರಡನೇ ಮಹಾಯುದ್ಧದಲ್ಲಿ ಮಲೇರಿಯಾ ತಡೆಗೆಂದು ಮೆಪಾಕ್ರಿನ್ ಎಂಬ ಸೋದರ ಔಷಧ ನುಂಗುತ್ತಿದ್ದ ಸೈನಿಕರಲ್ಲಿ ಕೆಲವರ ಚರ್ಮದ ಗಂದೆ, ಕೀಲುನೋವು ತಗ್ಗಿದ್ದು ಕಂಡುಬಂತು. 1951ರಲ್ಲಿ ಅದನ್ನು ಲೂಪಸ್‌ಗೆ ಕೊಟ್ಟು ನೋಡಿದ ವರದಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕ್ಲೋರೊಕ್ವಿನ್‌ಗಿಂತ ಸೌಮ್ಯವಾದ ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ 1955ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಾಲ್ಕೇ ವರ್ಷದಲ್ಲಿ, ಅಂದರೆ 1959ರಲ್ಲಿ, ಕ್ಲೋರೊಕ್ವಿನ್‌ನಿಂದ ರೆಟಿನಾ ಕೆಟ್ಟ ಪ್ರಕರಣಗಳು ಅದೇ ಲ್ಯಾನ್ಸೆಟ್‌ನಲ್ಲಿ ವರದಿಯಾದವು. ಹಾಗಾಗಿ ಇದು ನಿನ್ನೆ ಮೊನ್ನೆ ಬೆಳಕಿಗೆ ಬಂದ ಗುಟ್ಟೇನಲ್ಲ. ಅರುವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವೈದ್ಯರು ಕಣ್ಣಿಟ್ಟು ಕಾಯುತ್ತಿರುವ ಅಡ್ಡಪರಿಣಾಮ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕ್ಲೋರೊಕ್ವಿನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಎರಡೂ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತವೆ, ಹೆಸರೂ ಕಿವಿಗೆ ಒಂದೇ ಥರ. ಕಣ್ಣಿನ ಮಟ್ಟಿಗೆ ಕ್ಲೋರೊಕ್ವಿನ್ ಹೆಚ್ಚು ಅಪಾಯಕಾರಿ. ಅದರ ಮಿತಿ ಪ್ರತಿ ಕೆ.ಜಿ.ಗೆ 2.3 ಮಿಲಿಗ್ರಾಂ ಮಾತ್ರ. ಒಂದರ ಬದಲು ಇನ್ನೊಂದು ಕೈಗೆ ಬಂದಿಲ್ಲ ಎಂಬುದನ್ನು ಪಟ್ಟಿಯ ಹಿಂಬದಿ ಓದಿ ಖಚಿತಪಡಿಸಿಕೊಳ್ಳಿ.

ಕಣ್ಣಿನೊಳಗೆ ಆಗುವುದೇನು?

ಕಣ್ಣಿನ ಹಿಂಭಾಗದ ಪರದೆ ರೆಟಿನಾ. ಅದರ ನಟ್ಟನಡುವೆ, ಓದುವುದಕ್ಕೆ, ಮುಖ ಗುರುತಿಸುವುದಕ್ಕೆ, ಸೂಜಿಗೆ ದಾರ ಪೋಣಿಸುವುದಕ್ಕೆ ಬೇಕಾದ ಪುಟ್ಟ ಜಾಗ ಮ್ಯಾಕುಲಾ. ರೆಟಿನಾದ ಬೆಳಕು ಗ್ರಹಿಸುವ ಜೀವಕೋಶಗಳ ಕೆಳಗೆ ಮೆಲನಿನ್ ವರ್ಣಕ ತುಂಬಿದ ಒಂದು ಪದರವಿದೆ. ಮೇಲಿನ ಕೋಶಗಳಿಗೆ ಆಹಾರ ಒದಗಿಸಿ, ಅವು ಬಿಸಾಡಿದ ಕಸವನ್ನು ಅರಗಿಸುವುದು ಅದರ ಕೆಲಸ. ಈ ಔಷಧ ಮೆಲನಿನ್‌ಗೆ ಅಂಟಿಕೊಳ್ಳುತ್ತದೆ, ಜೀವಕೋಶದೊಳಗೆ ಕಸ ಕರಗಿಸುವ ಲೈಸೊಸೋಮ್‌ಗಳಲ್ಲಿ ಸೇರಿ ಅಲ್ಲಿನ ಆಮ್ಲೀಯತೆಯನ್ನು ತಗ್ಗಿಸುತ್ತದೆ. ವರ್ಷಗಳು ಉರುಳಿದಂತೆ ಬೆಳಕು ಗ್ರಹಿಸುವ ಕೋಶಗಳು ಸೊರಗುತ್ತವೆ, ಆಮೇಲೆ ಕೆಳಗಿನ ಪದರವೂ ಸವೆಯುತ್ತದೆ.

ವಿಚಿತ್ರವೆಂದರೆ ಹಾನಿ ಸಾಮಾನ್ಯವಾಗಿ ನಟ್ಟನಡುವಿನ ಬಿಂದುವನ್ನು ಬಿಟ್ಟು ಅದರ ಸುತ್ತ ಉಂಗುರದಂತೆ ಹರಡುತ್ತದೆ. ಮುಂದುವರಿದ ಹಂತದಲ್ಲಿ ಕಣ್ಣಿನ ಫೋಟೊ ತೆಗೆದರೆ ಬಿಲ್ಲುಗಾರಿಕೆಯ ಗುರಿಫಲಕದ ವರ್ತುಲದಂತೆ ಕಾಣಿಸುವ ಈ ರೂಪವನ್ನು ವೈದ್ಯರು ಬುಲ್ಸ್-ಐ ಎಂದು ಕರೆಯುತ್ತಾರೆ. ನಡುಬಿಂದು ಕೊನೆಯವರೆಗೆ ಉಳಿದಿರುವುದರಿಂದಲೇ ಮೋಸವಾಗುವುದು: ಗೋಡೆಯ ಮೇಲಿನ ಅಕ್ಷರಗಳನ್ನು ರೋಗಿ ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿಬಿಡುತ್ತಾರೆ.

ನನ್ನ ಡೋಸ್ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ತಕ್ಕಡಿ ಹತ್ತಿ. ಬಂದ ತೂಕವನ್ನು 5ರಿಂದ ಗುಣಿಸಿ. ಅದು ನಿಮ್ಮ ದಿನದ ಮಿತಿ, ಮಿಲಿಗ್ರಾಂ ಲೆಕ್ಕದಲ್ಲಿ. ಎತ್ತರಕ್ಕೆ ತಕ್ಕಂತೆ ಇರಬೇಕಾದ ಆದರ್ಶ ತೂಕ ಇಲ್ಲಿ ಬೇಡ. ತಕ್ಕಡಿ ತೋರಿಸಿದ ನಿಜವಾದ ತೂಕವೇ ಬೇಕು. ಹಿಂದೆ ಆದರ್ಶ ತೂಕಕ್ಕೆ ಪ್ರತಿ ಕೆ.ಜಿ.ಗೆ 6.5 ಮಿಲಿಗ್ರಾಂ ಎಂಬ ಲೆಕ್ಕ ಚಾಲ್ತಿಯಲ್ಲಿತ್ತು. ಸಣಕಲು ಮೈಕಟ್ಟಿನವರಿಗೆ ಅದರಿಂದ ಔಷಧ ಹೆಚ್ಚಾಗುತ್ತಿತ್ತು ಎಂಬ ಕಾರಣಕ್ಕೆ 2016ರಲ್ಲಿ ಲೆಕ್ಕವನ್ನೇ ಬದಲಿಸಿದರು.

ನಮ್ಮಲ್ಲಿ ಈ ಲೆಕ್ಕ ಏಕೆ ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಸಂಧಿವಾತದಿಂದ ಸೊರಗಿದ, 45 ಕೆ.ಜಿ. ತೂಕದ ಹೆಂಗಸು ದಿನಕ್ಕೆ 225 ಮಿಲಿಗ್ರಾಂ ದಾಟಬಾರದು. ಅವರ ಚೀಟಿಯಲ್ಲಿ 200ರ ಗುಳಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದಿದ್ದರೆ ಪ್ರತಿ ಕೆ.ಜಿ.ಗೆ ಸುಮಾರು 9 ಮಿಲಿಗ್ರಾಂ ಒಳಗೆ ಹೋಗುತ್ತಿದೆ. ದಿನಕ್ಕೆ 400 ಮಿಲಿಗ್ರಾಂ ಈ ಮಿತಿಯೊಳಗೆ ಬರಬೇಕಾದರೆ ತೂಕ 80 ಕೆ.ಜಿ. ಇರಬೇಕು! ನಿಮ್ಮ ಸುತ್ತ ಈ ಗುಳಿಗೆ ತೆಗೆದುಕೊಳ್ಳುವವರಲ್ಲಿ ಎಷ್ಟು ಮಂದಿ 80 ಕೆ.ಜಿ. ತೂಗುತ್ತಾರೆ ಎಂದು ಒಮ್ಮೆ ಯೋಚಿಸಿ ನೋಡಿ.

ಲೆಕ್ಕ ಹೆಚ್ಚು ಬಂದರೆ ನೀವಾಗಿಯೇ ಗುಳಿಗೆ ಮುರಿಯಲು ಹೋಗಬೇಡಿ. ಕಾಯಿಲೆ ಕೆರಳಿರುವಾಗ ಕೆಲವು ತಿಂಗಳ ಮಟ್ಟಿಗೆ ಹೆಚ್ಚಿನ ಡೋಸ್ ಬೇಕೆಂದು ವೈದ್ಯರು ಯೋಚಿಸಿಯೇ ಬರೆದಿರಬಹುದು. “ನನ್ನ ತೂಕ ಇಷ್ಟು, ಈ ಡೋಸನ್ನು ಎಷ್ಟು ಕಾಲ ಮುಂದುವರಿಸಬೇಕು?” ಎಂದು ಕೇಳಿ, ಯಾವ ಒಳ್ಳೆಯ ವೈದ್ಯರೂ ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಔಷಧ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ವಾರದ ಸರಾಸರಿ ಸರಿ ಹೊಂದಿದರೆ ಸಾಕಾಗುತ್ತದೆ. 52 ಕೆ.ಜಿ. ಇರುವವರಿಗೆ ವಾರದಲ್ಲಿ ಐದು ದಿನ 200, ಎರಡು ದಿನ 400 ಎಂದು ಬರೆಯುವುದು ಇದೇ ಲೆಕ್ಕದಲ್ಲಿ. 300 ಮಿಲಿಗ್ರಾಂನ ಗುಳಿಗೆಯೂ ಸಿಗುತ್ತದೆ. ಇನ್ನು, ವರ್ಷಗಳ ಹಿಂದೆ ಬರೆದ ಡೋಸ್ ಇಂದಿನ ತೂಕಕ್ಕೆ ಹೊಂದದಿರಬಹುದು. ಕಾಯಿಲೆಯಿಂದಲೋ ವಯಸ್ಸಿನಿಂದಲೋ ಹತ್ತು ಕೆ.ಜಿ. ಇಳಿದಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ.

ಯಾರು ಹೆಚ್ಚು ಹುಷಾರಾಗಿರಬೇಕು?

ಕಿಡ್ನಿ ದುರ್ಬಲವಾಗಿರುವವರು ಮೊದಲು. ಔಷಧದ ಒಂದು ಪಾಲು ಹೊರಹೋಗುವುದು ಕಿಡ್ನಿಯ ಮೂಲಕ. ಅದು ಕೈಕೊಟ್ಟರೆ ಸರಿಯಾದ ಡೋಸ್ ಕೂಡ ರಕ್ತದಲ್ಲಿ ಹೆಚ್ಚಾಗಿ ನಿಲ್ಲುತ್ತದೆ. ಲೂಪಸ್ ಇರುವವರಿಗೆ ಕಿಡ್ನಿಯ ತೊಂದರೆ ಸಾಮಾನ್ಯವಾದ್ದರಿಂದ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಕಣ್ಣಿನ ವೈದ್ಯರ ಕೈಗೂ ಸಿಗಬೇಕು. ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರಿಗೆ ಅಪಾಯ ಹಲವು ಪಟ್ಟು ಹೆಚ್ಚು. ಮೊದಲೇ ಮ್ಯಾಕುಲಾದ ಕಾಯಿಲೆ ಇದ್ದರೆ ಪರೀಕ್ಷೆಯ ಫಲಿತಾಂಶ ಓದುವುದೇ ಕಷ್ಟವಾಗುತ್ತದೆ. ಐದು ವರ್ಷ ದಾಟಿದವರು, ಡೋಸ್ ಮೀರಿದವರು ಯಾರೇ ಆಗಲಿ ಈ ಸಾಲಿಗೆ ಸೇರುತ್ತಾರೆ.

ಮೊದಲ ಲಕ್ಷಣ ಏನು?

ಬಹುತೇಕರಿಗೆ ಯಾವುದೂ ಇಲ್ಲ. ಲಕ್ಷಣಕ್ಕಾಗಿ ಕಾಯುತ್ತಾ ಕೂತರೆ ತಡವಾಗಿರುತ್ತದೆ. ಹಾನಿ ಬೆಳೆದಂತೆ ಕೆಲವರಿಗೆ ಸಾಲು ಓದುವಾಗ ನಡುವೆ ಒಂದೆರಡು ಅಕ್ಷರ ಮಾಯವಾದಂತೆ ಅನ್ನಿಸುತ್ತದೆ, ಬಣ್ಣಗಳು ಮಾಸಿದಂತೆ ಕಾಣುತ್ತವೆ, ಮಬ್ಬುಗತ್ತಲಲ್ಲಿ ಮೆಟ್ಟಿಲು ಇಳಿಯಲು ತೊಡಕಾಗುತ್ತದೆ. ಗುಳಿಗೆ ಶುರುಮಾಡಿದ ಮೊದಲ ವಾರಗಳಲ್ಲಿ ದೂರದಿಂದ ಹತ್ತಿರಕ್ಕೆ ನೋಟ ಬದಲಿಸುವಾಗ ಮಂಜಾಗುವುದು ಬೇರೆ ವಿಷಯ. ಅದು ರೆಟಿನಾದ್ದಲ್ಲ, ತಾನಾಗಿ ಸರಿಹೋಗುವಂಥದು.

ಕನ್ನಡಕದ ಅಂಗಡಿಯಲ್ಲಿ ಕಣ್ಣು 6/6 ಎಂದರು. ಸಾಲದೇ?

ಸಾಲದು. 6/6 ಎನ್ನುವುದು ನಡುಬಿಂದುವಿನ ಅಂಕ ಮಾತ್ರ. ಈ ಔಷಧ ಆ ಬಿಂದುವನ್ನು ಕೊನೆಗೆ ಮುಟ್ಟುತ್ತದೆ.

ಹಾಗಾದರೆ ಯಾವ ಪರೀಕ್ಷೆ? ಎಷ್ಟು ಸಲ?

ಗುಳಿಗೆ ಶುರುಮಾಡಿದ ಮೊದಲ ವರ್ಷದೊಳಗೆ ಒಮ್ಮೆ ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಬೇಕು. ಮೊದಲೇ ಇದ್ದ ಕಾಯಿಲೆಯನ್ನು ಗುರುತಿಸುವುದು ಇದರ ಉದ್ದೇಶ. ಆಮೇಲೆ, ಅಪಾಯದ ಅಂಶ ಯಾವುದೂ ಇಲ್ಲದಿದ್ದರೆ, ಐದು ವರ್ಷ ತುಂಬಿದ ಮೇಲೆ ಪ್ರತಿ ವರ್ಷ. ಕಿಡ್ನಿ ತೊಂದರೆ, ಟಮಾಕ್ಸಿಫೆನ್, ಹೆಚ್ಚಿನ ಡೋಸ್ ಇದ್ದರೆ ಐದು ವರ್ಷ ಕಾಯುವ ಹಾಗಿಲ್ಲ. ಬ್ರಿಟನ್ನಿನ ನೇತ್ರತಜ್ಞರ ರಾಯಲ್ ಕಾಲೇಜು ಇಂಥವರಿಗೆ ಒಂದು ವರ್ಷದಿಂದಲೇ ವಾರ್ಷಿಕ ಪರೀಕ್ಷೆ ಹೇಳುತ್ತದೆ. ಅದೇ ಕಾಲೇಜು 2020ರಲ್ಲಿ ಆರಂಭದ ಪರೀಕ್ಷೆಯನ್ನು ಕೈಬಿಟ್ಟಿದೆ, ಅಮೆರಿಕದವರು ಉಳಿಸಿಕೊಂಡಿದ್ದಾರೆ. ನನ್ನನ್ನು ಕೇಳಿದರೆ ನಮ್ಮಲ್ಲಿ ಆ ಮೊದಲ ಪರೀಕ್ಷೆ ಬೇಕೇ ಬೇಕು. ಎಷ್ಟೋ ಜನರ ಕಣ್ಣಿನ ಹಿಂಭಾಗವನ್ನು ಅದಕ್ಕೆ ಮುಂಚೆ ಯಾರೂ ನೋಡಿಯೇ ಇರುವುದಿಲ್ಲ.

ವಾರ್ಷಿಕ ಪರೀಕ್ಷೆ ಎಂದರೆ ಎರಡು ಸೇರಿರಬೇಕು. ಒಂದು ಒಸಿಟಿ ಸ್ಕ್ಯಾನ್: ಬೆಳಕಿನ ಕಿರಣದಿಂದ ರೆಟಿನಾದ ಪದರಗಳ ಅಡ್ಡಕೊಯ್ತದ ಚಿತ್ರ ತೆಗೆಯುವ ಯಂತ್ರ. ಗಲ್ಲ ಊರಿ ಕೂತರೆ ನಿಮಿಷಗಳಲ್ಲಿ ಮುಗಿಯುತ್ತದೆ, ನೋವಿಲ್ಲ, ಚುಚ್ಚುವುದಿಲ್ಲ. ಇನ್ನೊಂದು ದೃಷ್ಟಿಕ್ಷೇತ್ರ ಪರೀಕ್ಷೆ: ನೇರ ನೋಡುತ್ತಿರುವಾಗ ಅಕ್ಕಪಕ್ಕ ಎಲ್ಲೆಲ್ಲಿ ಕಾಣುತ್ತದೆ ಎಂದು ಅಳೆಯುವುದು. ಅದನ್ನು ಮಾಡಿಸಿಕೊಳ್ಳುವ ಬಗ್ಗೆ ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ. ಒಂದು ರೆಟಿನಾದ ರಚನೆ ತೋರಿಸುತ್ತದೆ, ಇನ್ನೊಂದು ಕೆಲಸ ತೋರಿಸುತ್ತದೆ. ಎರಡೂ ಒಂದೇ ಜಾಗದಲ್ಲಿ ತೊಂದರೆ ತೋರಿಸಿದರೆ ಅನುಮಾನ ಗಟ್ಟಿಯಾಗುತ್ತದೆ. ಗೊಂದಲ ಉಳಿದರೆ ರೆಟಿನಾದ ಸ್ವಯಂಪ್ರಭೆಯ ಫೋಟೊ, ಬೆಳಕಿಗೆ ರೆಟಿನಾ ತೋರುವ ವಿದ್ಯುತ್ ಸ್ಪಂದನ ಅಳೆಯುವ ಮಲ್ಟಿಫೋಕಲ್ ಇಆರ್‌ಜಿ ಎಂಬ ಪರೀಕ್ಷೆಗಳಿವೆ. ಬರೀ ಟಾರ್ಚು ಬಿಟ್ಟು ರೆಟಿನಾ ನೋಡಿ ಚೆನ್ನಾಗಿದೆ ಎಂದರೆ ಆರಂಭದ ಹಾನಿ ತಪ್ಪಿಸಿಕೊಂಡಿರಬಹುದು.

ಇನ್ನೊಂದು ಸೂಕ್ಷ್ಮ ನಮ್ಮವರು ತಿಳಿದಿರಬೇಕಾದ್ದು. ರೂಢಿಯಲ್ಲಿರುವ 10-2 ಎಂಬ ದೃಷ್ಟಿಕ್ಷೇತ್ರ ಪರೀಕ್ಷೆ ನಡುವಿನ 10 ಡಿಗ್ರಿಯನ್ನು ಮಾತ್ರ ಅಳೆಯುತ್ತದೆ. 2015ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ, ಹಾನಿಯಾಗಿದ್ದ ಏಷ್ಯಾ ಮೂಲದವರಲ್ಲಿ ಅರ್ಧದಷ್ಟು ಮಂದಿಗೆ ಹಾನಿ ಮ್ಯಾಕುಲಾದಿಂದ ಆಚೆ, ರಕ್ತನಾಳಗಳ ಕಮಾನಿನ ಹತ್ತಿರ ಕಾಣಿಸಿಕೊಂಡಿತ್ತು. ಬಿಳಿಯರಲ್ಲಿ ಇಂಥವರು ಶೇ 2 ಮಾತ್ರ. ಹಾಗಾಗಿ ಏಷ್ಯಾ ಮೂಲದವರಿಗೆ 24-2 ಅಥವಾ 30-2 ಎಂಬ ಅಗಲವಾದ ಪರೀಕ್ಷೆಯನ್ನೂ, ಒಸಿಟಿಯಲ್ಲಿ ಅಗಲದ ಸ್ಕ್ಯಾನನ್ನೂ ಸೇರಿಸಬೇಕೆಂದು ಮಾರ್ಗಸೂಚಿ ಹೇಳುತ್ತದೆ. ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರು ಅಲ್ಲಿನ ವೈದ್ಯರಲ್ಲಿ ಇದನ್ನು ನೆನಪಿಸಿದರೆ ತಪ್ಪೇನಿಲ್ಲ.

ದೃಷ್ಟಿಕ್ಷೇತ್ರ ಪರೀಕ್ಷೆ ನೆನೆಸಿಕೊಂಡರೇ ಭಯ. ಪ್ರತಿ ಸಲ ತಪ್ಪು ಮಾಡುತ್ತೇನೆ. ಏನು ಮಾಡಲಿ?

ಇದರಲ್ಲಿ ತೇರ್ಗಡೆ, ನಪಾಸು ಇಲ್ಲ ಎಂಬುದನ್ನು ಮೊದಲು ಮನಸ್ಸಿಗೆ ಹೇಳಿಕೊಳ್ಳಿ. ಕತ್ತಲ ಕೋಣೆ, ಒಂದು ಕಣ್ಣಿಗೆ ಪಟ್ಟಿ, ಬಿಳಿ ಬಟ್ಟಲಿನಂಥ ಯಂತ್ರದ ಅಂಚಿಗೆ ಗಲ್ಲ, ಕೈಯಲ್ಲಿ ಒಂದು ಗುಂಡಿ. ನಡುವೆ ಉರಿಯುವ ದೀಪವನ್ನೇ ದಿಟ್ಟಿಸಬೇಕು. ಅಕ್ಕಪಕ್ಕ ಎಲ್ಲಾದರೂ ಬೆಳಕಿನ ಚುಕ್ಕೆ ಮಿಣುಕಿದರೆ ಗುಂಡಿ ಒತ್ತಬೇಕು. ಚುಕ್ಕೆ ಎಲ್ಲಿ ಎಂದು ಹುಡುಕಲು ಕಣ್ಣು ಓಡಿಸುವುದೇ ಎಲ್ಲರೂ ಮಾಡುವ ತಪ್ಪು. ಯಂತ್ರ ಬೇಕೆಂದೇ ಚುಕ್ಕೆಗಳನ್ನು ಮಂಕುಮಾಡುತ್ತಾ ಹೋಗುತ್ತದೆ. ಕಾಣಿಸದಷ್ಟು ಮಂಕಾಗುವುದು ಅದರ ಲೆಕ್ಕದಲ್ಲೇ ಇದೆ. ಹಾಗಾಗಿ ಅರ್ಧ ನಿಮಿಷ ಏನೂ ಕಾಣದಿದ್ದರೆ ಗಾಬರಿಬಿದ್ದು ಸುಮ್ಮಸುಮ್ಮನೆ ಒತ್ತಬೇಡಿ. ಕಾಣದ ಚುಕ್ಕೆಗೆ ಒತ್ತಿದ್ದನ್ನು ಯಂತ್ರ ಪತ್ತೆಹಚ್ಚಿ ಬರೆದಿಡುತ್ತದೆ, ಅಂಥವು ಹೆಚ್ಚಾದರೆ ವರದಿ ಕೆಲಸಕ್ಕೆ ಬಾರದು.

ಕಣ್ಣು ಮಿಟುಕಿಸಬಹುದು. ದಣಿವಾದರೆ ಗುಂಡಿಯನ್ನು ಒತ್ತಿಯೇ ಹಿಡಿದುಕೊಂಡರೆ ಬಹುತೇಕ ಯಂತ್ರಗಳು ನಿಲ್ಲುತ್ತವೆ. ಒಮ್ಮೆ ತಂತ್ರಜ್ಞರನ್ನು ಕೇಳಿಕೊಂಡು ಕೂರಿ. ಶೋಗ್ರೆನ್ ಕಾಯಿಲೆಯವರ ಕಣ್ಣು ಒಣಗಿರುವುದರಿಂದ ನಡುವೆ ಮಂಜಾಗಬಹುದು, ಮೊದಲೇ ಕಣ್ಣೀರಿನ ಹನಿ ಹಾಕಿಕೊಳ್ಳಲು ಅನುಮತಿ ಕೇಳಿ. ಪಾಪೆ ಹಿಗ್ಗಿಸುವ ಹನಿ ಹಾಕುವ ಮುಂಚೆಯೇ ಈ ಪರೀಕ್ಷೆ ಮುಗಿಯಲಿ. ಮೊದಲ ಸಲದ ವರದಿ ಕೆಟ್ಟದಾಗಿ ಬರುವುದು ಮಾಮೂಲು. ಎರಡನೆಯ ಸಲಕ್ಕೆ ಕೈ ಪಳಗಿರುತ್ತದೆ.

ವರದಿಯಲ್ಲಿ ಏನೋ ಕಲೆ ಬಂದಿದೆಯಂತೆ. ನಾಳೆಯಿಂದಲೇ ನಿಲ್ಲಿಸಿಬಿಡಲೇ?

ಬೇಡ, ಒಂದು ಅನುಮಾನದ ವರದಿಗೆ ಗುಳಿಗೆ ನಿಲ್ಲಿಸಬೇಡಿ. ಅಮೆರಿಕದ ಸಂಧಿವಾತ, ಚರ್ಮ ಮತ್ತು ನೇತ್ರತಜ್ಞರ ಸಂಘಟನೆಗಳು 2021ರಲ್ಲಿ ಒಟ್ಟಾಗಿ ಹೊರಡಿಸಿದ ಹೇಳಿಕೆಯ ಸಾರವೂ ಇದೇ: ಗಡಿಯಲ್ಲಿರುವ ಫಲಿತಾಂಶ ಬಂದರೆ ಪರೀಕ್ಷೆ ಮರಳಿ ಮಾಡಿ, ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ, ಆಮೇಲೆ ಗುಳಿಗೆ ಬರೆದ ವೈದ್ಯರೂ ಕಣ್ಣಿನ ವೈದ್ಯರೂ ಮಾತಾಡಿಕೊಂಡು ತೀರ್ಮಾನಿಸಲಿ.

ನಮ್ಮಲ್ಲಿ ನಿಜವಾದ ತೊಡಕು ಇರುವುದು ಆ ಮಾತಾಡಿಕೊಳ್ಳುವುದರಲ್ಲೇ. ಕಣ್ಣಿನ ಆಸ್ಪತ್ರೆ ಒಂದೂರಿನಲ್ಲಿ, ಗುಳಿಗೆ ಬರೆದ ರುಮಟಾಲಜಿಸ್ಟ್ (ಸಂಧಿವಾತ ತಜ್ಞರು) ಇನ್ನೊಂದೂರಿನಲ್ಲಿ; ನಡುವೆ ಫೈಲು ಹೊತ್ತು ಬಸ್ ಹತ್ತುವ ರೋಗಿಯೇ ಅಂಚೆಯವರು. ಕಣ್ಣಿನ ವೈದ್ಯರು ಬಾಯಲ್ಲಿ “ಈ ಗುಳಿಗೆ ಬಿಡಿ” ಎಂದಷ್ಟೇ ಹೇಳಿದರೆ, ಏನು ಕಂಡಿತು, ಎಷ್ಟು ಖಚಿತ ಎಂಬುದನ್ನು ಎರಡು ಸಾಲಿನಲ್ಲಿ ಬರೆದುಕೊಡಲು ಕೇಳಿ. ಆ ಚೀಟಿ ರುಮಟಾಲಜಿಸ್ಟ್ ಕೈಸೇರುವವರೆಗೆ ಕಾಯುವ ಒಂದೆರಡು ವಾರದಲ್ಲಿ ಕಣ್ಣಿಗೆ ಹೊಸದಾಗಿ ಆಗುವುದೇನಿಲ್ಲ. ಇದು ವರ್ಷಗಳ ಲೆಕ್ಕದಲ್ಲಿ ನಡೆಯುವ ಹಾನಿ.

ನಿಲ್ಲಿಸಿದ ಮೇಲೆ ಕಣ್ಣು ಮೊದಲಿನಂತೆ ಆಗುತ್ತದೆಯೇ?

ಇಲ್ಲ. ಸತ್ತ ಕೋಶಗಳು ಮರಳುವುದಿಲ್ಲ, ಇದಕ್ಕೆ ಔಷಧವೂ ಇಲ್ಲ. ಔಷಧ ದೇಹದಿಂದ ಪೂರ್ತಿ ಹೊರಹೋಗಲು ತಿಂಗಳುಗಳೇ ಬೇಕು. ಕೆಳಗಿನ ವರ್ಣಕ ಪದರಕ್ಕೆ ಪೆಟ್ಟು ಬೀಳುವ ಮೊದಲೇ ಪತ್ತೆಯಾದರೆ, ನಿಲ್ಲಿಸಿದ ಮೇಲೆ ಹಾನಿ ಹೆಚ್ಚು ಮುಂದುವರಿಯದೆ ನಿಲ್ಲುತ್ತದೆ, ನಡುವಿನ ದೃಷ್ಟಿ ಉಳಿಯುತ್ತದೆ. ಬುಲ್ಸ್-ಐ ಹಂತ ಮುಟ್ಟಿದ್ದರೆ ಗುಳಿಗೆ ಬಿಟ್ಟ ಮೇಲೂ ವರ್ಷಗಟ್ಟಲೆ ಸವೆತ ಮುಂದುವರಿಯಬಹುದು. ವಾರ್ಷಿಕ ಒಸಿಟಿಗೆ ನಾನು ಇಷ್ಟು ಜಗ್ಗಾಡುತ್ತಿರುವುದು ಈ ಎರಡರ ನಡುವಿನ ಅಂತರಕ್ಕಾಗಿಯೇ.

ಕಾರ್ನಿಯಾದಲ್ಲಿ ಔಷಧ ಕೂತಿದೆ ಎಂದರು. ಅದೂ ಇದೇ ತೊಂದರೆಯೇ?

ಅಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ ಸುಳಿಯಂಥ ಗೆರೆಗಳಾಗಿ ಔಷಧ ಸೇರಿಕೊಳ್ಳಬಹುದು. ಸಾಮಾನ್ಯವಾಗಿ ದೃಷ್ಟಿಗೆ ತೊಂದರೆಯಿಲ್ಲ, ಗುಳಿಗೆ ನಿಂತರೆ ಮಾಯವಾಗುತ್ತದೆ. ಆದರೆ ಡೋಸ್ ಹೆಚ್ಚಿದೆಯೇ ಎಂದು ಒಮ್ಮೆ ಲೆಕ್ಕ ಹಾಕಲು ಅದೊಂದು ನೆಪವಾಗಲಿ.

ಮಗಳು ಗರ್ಭಿಣಿ, ಲೂಪಸ್ ಇದೆ. ಮಗುವಿನ ಕಣ್ಣಿಗೆ ತೊಂದರೆಯಾಗುತ್ತದೆಂದು ಮನೆಯವರೆಲ್ಲ ಗುಳಿಗೆ ಬಿಡಿಸಿದ್ದಾರೆ.

ದಯವಿಟ್ಟು ಇಂದೇ ಅವಳ ವೈದ್ಯರಿಗೆ ಫೋನ್ ಮಾಡಿ. ಲೂಪಸ್ ಇರುವ ಗರ್ಭಿಣಿಯರಿಗೆ ಈ ಗುಳಿಗೆಯನ್ನು ಮುಂದುವರಿಸುವುದೇ ಇಂದಿನ ಪದ್ಧತಿ. ಗರ್ಭಾವಸ್ಥೆಯಲ್ಲಿ ಕಾಯಿಲೆ ಕೆರಳಿದರೆ ತಾಯಿಗೂ ಮಗುವಿಗೂ ಕುತ್ತು. ಹೊಟ್ಟೆಯಲ್ಲಿದ್ದಾಗ ಈ ಔಷಧದ ಸಂಪರ್ಕಕ್ಕೆ ಬಂದ ಮಕ್ಕಳನ್ನು ಗಮನಿಸಿದ ಅಧ್ಯಯನಗಳಲ್ಲಿ ಅವರ ಕಣ್ಣಿಗೆ ಹಾನಿ ಕಂಡುಬಂದಿಲ್ಲ. ಹಿರಿಯರ ಕಾಳಜಿ ಅರ್ಥವಾಗುವಂಥದೇ, ಆದರೆ ಅವಳ ಗುಳಿಗೆಯ ತೀರ್ಮಾನ ಅಡುಗೆಮನೆಯಲ್ಲಿ ಆಗಬಾರದು.

ನನಗೆ ಇದನ್ನು ಸಕ್ಕರೆ ಕಾಯಿಲೆಗೆ ಕೊಟ್ಟಿದ್ದಾರೆ. ನನಗೂ ಈ ಪರೀಕ್ಷೆ ಬೇಕೇ?

ಬೇಕು. ಟೈಪ್ 2 ಸಕ್ಕರೆ ಕಾಯಿಲೆಗೆ ಹೆಚ್ಚುವರಿ ಔಷಧವಾಗಿ ಇದನ್ನು ಕೊಡಲು ಭಾರತದಲ್ಲಿ ಅನುಮತಿ ಇದೆ. ರೆಟಿನಾದ ಲೆಕ್ಕದಲ್ಲಿ ಕಾಯಿಲೆಯ ಹೆಸರು ಬದಲಾದರೂ ಔಷಧ ಅದೇ. ಸಕ್ಕರೆಯವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸುತ್ತಾರೆ, ಸರಿ. ಆದರೆ ಎಚ್‌ಸಿಕ್ಯೂ ತೆಗೆದುಕೊಳ್ಳುತ್ತಿರುವುದನ್ನು ಕಣ್ಣಿನ ವೈದ್ಯರಿಗೆ ಹೇಳದಿದ್ದರೆ ಅವರು ರಕ್ತಸ್ರಾವ, ಊತ ಹುಡುಕುತ್ತಾರೆಯೇ ಹೊರತು ಇದನ್ನಲ್ಲ. ಚರ್ಮರೋಗಕ್ಕೆಂದು ಇದನ್ನು ತೆಗೆದುಕೊಳ್ಳುವವರಿಗೂ ಇದೇ ಮಾತು.

2020ರಲ್ಲಿ ಕೋವಿಡ್ ತಡೆಗೆಂದು ಕೆಲವು ವಾರ ನುಂಗಿದ್ದೆ.

ರೆಟಿನಾದ ಚಿಂತೆ ಬಿಡಿ. ಆಗ ಆರೋಗ್ಯ ಕಾರ್ಯಕರ್ತರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿದ್ದು ಮೊದಲ ದಿನ ಎರಡು ಸಲ 400 ಮಿಲಿಗ್ರಾಂ, ನಂತರ ಏಳು ವಾರ ವಾರಕ್ಕೊಮ್ಮೆ 400. ಆ ಪ್ರಮಾಣ ಈ ಹಾನಿಗೆ ಏನೇನೂ ಸಾಲದು. ಆ ದಿನಗಳ ನಿಜವಾದ ಪೆಟ್ಟು ಬಿದ್ದದ್ದು ಅಂಗಡಿಯಲ್ಲಿ ಗುಳಿಗೆ ಸಿಗದೆ ಅಲೆದಾಡಿದ ಲೂಪಸ್ ರೋಗಿಗಳಿಗೆ.

ಸ್ಟೀರಾಯ್ಡ್ ಕೂಡ ತೆಗೆದುಕೊಳ್ಳುತ್ತಿದ್ದೇನೆ. ಅದರಿಂದ ಕಣ್ಣಿಗೆ ಏನಾಗುತ್ತದೆ?

ಕಣ್ಣಿಗೆ ತೊಂದರೆ ಕೊಡುವುದರಲ್ಲಿ ಸ್ಟೀರಾಯ್ಡ್ ಎಚ್‌ಸಿಕ್ಯೂಗಿಂತ ಬಹಳ ಮುಂದಿದೆ, ಹೆಸರು ಕೆಡಿಸಿಕೊಂಡಿರುವುದು ಮಾತ್ರ ಎಚ್‌ಸಿಕ್ಯೂ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ದೀರ್ಘಕಾಲ ತೆಗೆದುಕೊಂಡರೆ ಮಸೂರದ ಹಿಂಭಾಗದಲ್ಲಿ ಪೊರೆ ಬರುತ್ತದೆ. ಬಿಸಿಲಿನಲ್ಲಿ, ಎದುರಿನ ವಾಹನದ ಬೆಳಕಿನಲ್ಲಿ ಕಣ್ಣು ಕೋರೈಸುವುದು ಅದರ ಗುರುತು. ಶಸ್ತ್ರಚಿಕಿತ್ಸೆಯಿಂದ ಇದನ್ನು ಸರಿಮಾಡಬಹುದು. ಅದಕ್ಕಿಂತ ಅಪಾಯಕಾರಿ ಕಣ್ಣಿನ ಒತ್ತಡ ಏರುವುದು. ಸದ್ದಿಲ್ಲದೆ ಏರಿ ಗ್ಲಾಕೋಮಾ ತಂದು ದೃಷ್ಟಿನರವನ್ನು ಸವೆಸುತ್ತದೆ, ಹೋದದ್ದು ಮರಳದು. ಕೆಲವರಿಗೆ ಮ್ಯಾಕುಲಾದಡಿ ನೀರು ತುಂಬಿ ನೋಟದ ನಡುವೆ ಮಬ್ಬು ವೃತ್ತ ಕಾಣಿಸಿಕೊಳ್ಳುತ್ತದೆ. ಕಣ್ಣಿನ ಪರೀಕ್ಷೆಗೆ ಹೋದಾಗ ಒತ್ತಡವನ್ನೂ ಅಳೆಯಲು ಹೇಳಿ. ಸ್ಟೀರಾಯ್ಡನ್ನು ಏಕಾಏಕಿ ಮಾತ್ರ ನಿಲ್ಲಿಸಬಾರದು, ಜೀವಕ್ಕೇ ಅಪಾಯ.

ಉಳಿದ ಔಷಧಗಳು?

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಮೆದುಳು, ನರಗಳ ಕಾಯಿಲೆಗೆ ಕೊಡುವ ಫಿಂಗೊಲಿಮೋಡ್ ಅಪರೂಪಕ್ಕೆ ಮ್ಯಾಕುಲಾದಲ್ಲಿ ಊತ ತರುತ್ತದೆ. ಶುರುಮಾಡಿದ ಮೂರು ನಾಲ್ಕು ತಿಂಗಳಿಗೆ ಕಣ್ಣು ತೋರಿಸಬೇಕು. ಉರಿಯೂತ ಕೆರಳಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳಿಂದ ತೀರ ಅಪರೂಪಕ್ಕೆ ದೃಷ್ಟಿನರದ ಉರಿಯೂತ ವರದಿಯಾಗಿದೆ. ಆ ಗುಂಪಿನ ಅಡಲಿಮುಮಾಬನ್ನು ಕಣ್ಣಿನೊಳಗಿನ ಉರಿಯೂತಕ್ಕೆ ಚಿಕಿತ್ಸೆಯಾಗಿಯೇ ಬಳಸುತ್ತಾರೆ. ಸ್ಟೀರಾಯ್ಡ್‌ನಿಂದ ಸವೆದ ಮೂಳೆಗೆ ಕೊಡುವ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ ಆದ ಕೆಲ ದಿನಗಳಲ್ಲಿ ಕಣ್ಣು ಕೆಂಪಾಗಿ ನೋಯತೊಡಗಿದರೆ ಅದನ್ನು ಮದ್ರಾಸ್ ಐ ಎಂದುಕೊಂಡು ಕೂರಬೇಡಿ.

ಕಣ್ಣು ಕೆಂಪಾಗಿದೆ, ನೋವಿದೆ, ಬೆಳಕು ನೋಡಲಾಗುತ್ತಿಲ್ಲ. ಎಚ್‌ಸಿಕ್ಯೂ ಕಾರಣವೇ?

ಅಲ್ಲ. ಎಚ್‌ಸಿಕ್ಯೂ ಕಣ್ಣನ್ನು ಕೆಂಪಾಗಿಸುವುದೂ ಇಲ್ಲ, ನೋಯಿಸುವುದೂ ಇಲ್ಲ. ಇದು ಮೂಲ ಕಾಯಿಲೆಯದೇ ಕೆಲಸವಿರಬಹುದು: ಬೆನ್ನುಮೂಳೆಯ ಸಂಧಿವಾತದವರಿಗೆ ಯುವಿಯೈಟಿಸ್ ಎಂಬ ಕಣ್ಣಿನೊಳಗಿನ ಉರಿಯೂತ, ರುಮಟಾಯ್ಡ್‌ನವರಿಗೆ ಕಣ್ಣಿನ ಬಿಳಿಭಾಗದ ಆಳದ ಉರಿಯೂತ. ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಹಠಾತ್ ದೃಷ್ಟಿ ಹೋದರೆ, ಪರದೆ ಇಳಿಬಿಟ್ಟಂತೆ ಆದರೆ ಅದೇ ಗಂಟೆಯಲ್ಲಿ. ಮನೆಯಲ್ಲಿ ಉಳಿದಿದ್ದ ಹಳೆಯ ಹನಿ ಹಾಕಬೇಡಿ.

ಕ್ಯಾರೆಟ್, ನುಗ್ಗೆಸೊಪ್ಪು, ಕಪ್ಪು ಕನ್ನಡಕ ಇವುಗಳಿಂದ ತಡೆಯಬಹುದೇ?

ನುಗ್ಗೆಸೊಪ್ಪಿನ ಪಲ್ಯ ಧಾರಾಳವಾಗಿ ತಿನ್ನಿ, ಆದರೆ ಈ ಹಾನಿಯನ್ನು ತಡೆಯುತ್ತದೆಂದು ಸಾಬೀತಾದ ಆಹಾರವಾಗಲಿ, ವಿಟಮಿನ್ ಗುಳಿಗೆಯಾಗಲಿ, ಕನ್ನಡಕವಾಗಲಿ ಇಲ್ಲ. ಲೂಪಸ್ ಇರುವವರಿಗೆ ಬಿಸಿಲಿನಿಂದ ಚರ್ಮ ಕೆರಳುವ ಕಾರಣ ಕೊಡೆ, ಟೋಪಿ ಬೇಕು. ಅದು ಬೇರೆ ಲೆಕ್ಕ.

ಪರೀಕ್ಷೆ ಎಲ್ಲಿ ಮಾಡಿಸಬೇಕು? ಹೋಗುವಾಗ ಏನು ಒಯ್ಯಬೇಕು?

ಒಸಿಟಿ ಮತ್ತು ದೃಷ್ಟಿಕ್ಷೇತ್ರ ಯಂತ್ರ ಎರಡೂ ಇರುವ ಕಡೆ. ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳ ನೇತ್ರ ವಿಭಾಗಗಳಲ್ಲಿ ಸಾಮಾನ್ಯವಾಗಿ ಇರುತ್ತವೆ. ಹೊರಡುವ ಮುಂಚೆ ಫೋನಿನಲ್ಲಿ ವಿಚಾರಿಸಿ, ಯಂತ್ರ ಕೆಟ್ಟಿದೆ ಎಂಬ ಮಾತು ಕೇಳಲು ನೂರು ಕಿಲೋಮೀಟರ್ ಹೋಗಬೇಕಿಲ್ಲ. ಪಾಪೆ ಹಿಗ್ಗಿಸಿದ ಮೇಲೆ ಕೆಲವು ಗಂಟೆ ಮಂಜಾಗಿರುತ್ತದೆ, ಗಾಡಿ ಓಡಿಸುವವರು ಬೇರೆಯವರಿರಲಿ. ಮಾತು ಶುರುಮಾಡುವಾಗಲೇ “ನಾನು ಎಚ್‌ಸಿಕ್ಯೂ ತೆಗೆದುಕೊಳ್ಳುತ್ತಿದ್ದೇನೆ, ಅದರ ತಪಾಸಣೆಗೆ ಬಂದಿದ್ದೇನೆ” ಎಂದು ಹೇಳಿ. ಗುಳಿಗೆ ಶುರುವಾದ ವರ್ಷ, ದಿನದ ಡೋಸ್, ಇಂದಿನ ತೂಕ, ಇತ್ತೀಚಿನ ಕ್ರಿಯಾಟಿನಿನ್, ಬೇರೆ ಔಷಧಗಳ ಹೆಸರು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ.

ಹಳೆಯ ವರದಿಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು?

ಗುಳಿಗೆ ನಡೆಯುವಷ್ಟು ಕಾಲ, ಎಲ್ಲವನ್ನೂ. ಆರಂಭದ ಹಾನಿ ಎಷ್ಟೋ ಸಲ ಗೊತ್ತಾಗುವುದು ಒಂದು ವರದಿಯಿಂದಲ್ಲ, ಮೂರು ವರ್ಷದ ವರದಿಗಳನ್ನು ಪಕ್ಕಪಕ್ಕ ಇಟ್ಟಾಗ. ಸಾಧ್ಯವಾದರೆ ಪ್ರತಿ ವರ್ಷ ಒಂದೇ ಆಸ್ಪತ್ರೆಯ ಅದೇ ಯಂತ್ರದಲ್ಲಿ ಮಾಡಿಸಿ. ಬೇರೆ ಬೇರೆ ಕಂಪನಿಯ ಯಂತ್ರಗಳ ಅಳತೆಗಳು ತಾಳೆಯಾಗುವುದಿಲ್ಲ. ಕೆಲವು ಕಡೆ ಒಸಿಟಿ ಚಿತ್ರವನ್ನು ಅಂಗಡಿ ಬಿಲ್ಲಿನಂಥ ತೆಳು ಕಾಗದದಲ್ಲಿ ಮುದ್ರಿಸಿ ಕೊಡುತ್ತಾರೆ, ಅದು ಎರಡು ಮಳೆಗಾಲದಲ್ಲಿ ಮಾಸುತ್ತದೆ. ಬಂದ ದಿನವೇ ಮೊಬೈಲಿನಲ್ಲಿ ನೇರವಾಗಿ ಫೋಟೊ ತೆಗೆದು, ತಾರೀಖು ಕಾಣುವಂತೆ ಇಟ್ಟುಕೊಳ್ಳಿ, ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ.